ನೆಕ್ಕಿ ನೋಡಿದ ಗುಳಿಗೆ

ಗುಲ್ವೆನ್ ತಲಾರ್ಮೆನ್‌ನ ಮುತ್ತಜ್ಜ ಹಾಮೊನ್. ಫ್ರಾನ್ಸಿನ ಬ್ರಿಟನಿ ಸೀಮೆಯ ನಮ್ಮ ಈ ಲೆಯೊನ್ ಕರಾವಳಿಯಲ್ಲಿ ಕುದುರೆಗಾಡಿಯನ್ನು ಎದೆಮಟ್ಟದ ಅಲೆಗೆ ಇಳಿಸಿ ಕಡಲಪಾಚಿ ತುಂಬಿದವರಲ್ಲಿ ಅವನು ಮೊದಲಿಗ. ಪಾಚಿಯನ್ನು ಮರಳದಿಬ್ಬದ ಮೇಲೆ ಒಣಹಾಕಿ, ಕಲ್ಲು ಹಾಸಿದ ಉದ್ದನೆಯ ಗೂಡಿನಲ್ಲಿ ಹಗಲಿಡೀ ಸುಡುತ್ತಿದ್ದರು. ಬೂದಿ ಕರಗಿ ಪಾಕವಾಗಿ, ಆರಿದ ಮೇಲೆ ಕಲ್ಲಿನಂಥ ಅಚ್ಚಾಗುತ್ತಿತ್ತು. ಆ ಅಚ್ಚಿನಿಂದ ಕಾರ್ಖಾನೆಯವರು ಅಯೋಡಿನ್ ತೆಗೆಯುತ್ತಿದ್ದರು. ಒಂದು ಆಗಸ್ಟ್‌ನಲ್ಲಿ ಗೂಡು ಅರ್ಧ ಉರಿದಿರುವಾಗ ಬಿರುಮಳೆ ಬಂತು. ಹಾಮೊನ್ ದೋಣಿಯ ಒಂದೇ ಒಂದು ಹಾಯಿಯನ್ನು ಬಿಚ್ಚಿ ತಂದ. ಅವನೂ ಹೆಂಡತಿಯೂ ಎರಡು ತುದಿ ಹಿಡಿದು ಕತ್ತಲಾಗುವ ತನಕ ಗೂಡಿನ ಮೇಲೆ ಚಪ್ಪರವಾಗಿ ನಿಂತರು. ಹಾಯಿ ಸುಟ್ಟುಹೋಯಿತು, ಕೈ ಬೆಂದಿತು, ಗೂಡು ಉಳಿಯಿತು. ಹೊತ್ತಿದ ಗೂಡಿಗೆ ನೀರು ತಾಗಬಾರದು ಎಂಬ ಮಾತು ಆ ಮನೆಯಲ್ಲಿ ಅಂದಿನಿಂದ ದೇವರ ಮಾತಾಯಿತು.

ಅಜ್ಜ ಜೋಸ್. ಅವನ ದೊಡ್ಡ ಆಸ್ತಿ ನಾಲಿಗೆ. ಕಾರ್ಖಾನೆಯ ಮನುಷ್ಯ ಅಚ್ಚಿಗೆ ಬೈರಿಗೆ ಹಾಕಿ, ಪುಡಿಯನ್ನು ಗಾಜಿನ ಕೊಳವೆಯಲ್ಲಿ ಕಲಸಿ, ಅದರಲ್ಲಿ ಎಷ್ಟು ಅಯೋಡಿನ್ ಇದೆಯೆಂದು ಹೇಳುವ ಮೊದಲೇ ಜೋಸ್ ಅಚ್ಚನ್ನು ಒಂದು ಸಲ ನೆಕ್ಕಿ ಹೇಳಿಬಿಡುತ್ತಿದ್ದ. ಒಂದು ವರ್ಷ ಕೊಳವೆಯ ಮಾತಿಗೂ ನಾಲಿಗೆಯ ಮಾತಿಗೂ ಹೊಂದಲಿಲ್ಲ. ಜೋಸ್ ಮೂರು ದಿನ ಆ ಅಚ್ಚಿನ ಮೇಲೆಯೇ ಕೂತ. ಕೊನೆಗೆ ಕೊಳವೆಗೆ ಹಾಕುವ ಬೇರೆ ರಾಸಾಯನಿಕ ತರಿಸಿ ನೋಡಿದರೆ ಕೊಳವೆ ತಪ್ಪಿತ್ತು, ನಾಲಿಗೆ ತಪ್ಪಿರಲಿಲ್ಲ. ಅಪ್ಪ ಪೆರ್-ಮಾರಿ ಈ ದಂಡೆಯಲ್ಲಿ ಕಡೆಯ ಗೂಡು ಸುಟ್ಟವನು. ಅದರ ಒಂದು ಅಚ್ಚನ್ನು ಮಾರದೆ ಒಲೆಯ ಪಕ್ಕ ಇಟ್ಟುಕೊಂಡ. ಇವತ್ತಿಗೂ ಅದು ಅಲ್ಲೇ ಇದೆ. ಬೆಕ್ಕು ಅದರ ಮೇಲೆ ಮಲಗುತ್ತದೆ.

ಇಂಥ ಮನೆಯಲ್ಲಿ ಸಾವಿರದ ಒಂಬೈನೂರ ಇಪ್ಪತ್ತೊಂದರಲ್ಲಿ ಹುಟ್ಟಿದವನು ಗುಲ್ವೆನ್. ನನ್ನ ಅಕ್ಕ ಬಾರ್ಬಾಳ ಗಂಡ, ನನಗೆ ಭಾವ. ಅವನು ದುಡಿಮೆಗೆ ಇಳಿಯುವ ಹೊತ್ತಿಗೆ ಗೂಡುಗಳು ಆರಿಹೋಗಿದ್ದವು. ಪಾಚಿಯನ್ನು ಹಸಿಯಾಗಿಯೇ ಬೇರೆ ಕಾರ್ಖಾನೆಗಳು ಒಯ್ಯುತ್ತಿದ್ದವು. ಆದರೆ ಪಾಚಿ ಕೀಳುವ ಕೆಲಸ ಇತ್ತು. ದೋಣಿಯ ಅಂಚಿನಿಂದ ಕಬ್ಬಿಣದ ತಿರುಪುಕೊಕ್ಕೆಯನ್ನು ನೀರಿಗಿಳಿಸಿ, ಶಾವಿಗೆ ಸುತ್ತಿದ ಹಾಗೆ ಪಾಚಿ ಸುತ್ತಿ ಮೇಲೆಳೆಯುವುದು. ಮೇ ತಿಂಗಳಿಂದ ಅಕ್ಟೋಬರ್ ತನಕ ಭಾವನೂ ಅವನ ಜೊತೆಗಾರ ಲಾನ್ ಅಪ್ರಿಯುವೂ ಒಂದೇ ದೋಣಿಯಲ್ಲಿ ಹೋಗಿಬರುತ್ತಿದ್ದರು. ಇಬ್ಬರಲ್ಲಿ ಒಬ್ಬ ದಿನಕ್ಕೆ ನಾಲ್ಕು ಮಾತಾಡಿದರೆ ಇನ್ನೊಬ್ಬ ಮೂರು.

ಎಪ್ಪತ್ತೇಳರ ಜೂನ್‌ನಲ್ಲಿ ಭಾವನಿಗೆ ಎದೆ ಹಿಡಿಯಿತು. ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ತಿಂಗಳಿದ್ದು ಬಂದ. ಹೃದಯದ ಒಂದು ಮೂಲೆ ಸತ್ತಿದೆ, ಉಳಿದದ್ದು ಸಾಕು ಎಂದು ಹೇಳಿ ಕಳಿಸಿದ್ದರು. ಆ ಸತ್ತ ಮೂಲೆ ಸುಮ್ಮನೆ ಸತ್ತು ಬಿದ್ದಿರುವಂಥದ್ದಲ್ಲ ಎಂಬುದು ಮಾರನೆಯ ವರ್ಷ ತಿಳಿಯಿತು. ದೋಣಿ ಬಂಡೆಗಳ ನಡುವೆ ಇದ್ದಾಗ ಅವನ ಎದೆ ಇದ್ದಕ್ಕಿದ್ದ ಹಾಗೆ ಹುಚ್ಚೆದ್ದು ಓಡತೊಡಗಿತು. ಕಣ್ಣು ಕತ್ತಲಾಗಿ ಪಾಚಿಯ ರಾಶಿಯ ಮೇಲೆ ಕುಸಿದ. ಲಾನ್ ಕೊಕ್ಕೆಯ ಹಗ್ಗ ಕಡಿದು ಹಾಕಿ ದೋಣಿ ತಿರುಗಿಸಿದ. ದಂಡೆಗೆ ಬರುವಾಗ ಭಾವ ಬದುಕಿದ್ದ, ಅಷ್ಟೇ. ಆಸ್ಪತ್ರೆಯಲ್ಲಿ ಎದೆಗೆ ವಿದ್ಯುತ್ತಿನ ಪೆಟ್ಟು ಕೊಟ್ಟು ದಾರಿಗೆ ತಂದರು. ಇನ್ನೊಂದು ಸಲ ಹೀಗಾದರೆ ದೋಣಿಯೂ ಇಲ್ಲ, ನೀವೂ ಇಲ್ಲ ಎಂದು ನಮ್ಮೂರ ಡಾಕ್ಟರು ಲೆ ಹಿರ್ ಹೇಳಿ ಒಂದು ಗುಳಿಗೆ ಬರೆದುಕೊಟ್ಟರು. ಎದೆಯ ಓಟಕ್ಕೆ ಕಡಿವಾಣ ಹಾಕುವ ಗುಳಿಗೆ.

ಔಷಧಿ ಅಂಗಡಿಯವನು ಮಾತಿಗೆ ಮಾತು ಬೆಳೆಸಿ, ಈ ಗುಳಿಗೆಯ ಮದ್ದಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಯೋಡಿನ್ನೇ ಇದೆ ಎಂದನಂತೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಯಾರಿಗೆ ಏನು ಹೇಳಬೇಕು ಎಂಬ ಬುದ್ಧಿ ಓದಿದವರಿಗೆ ಕಡಿಮೆ. ಭಾವ ಮನೆಗೆ ಬಂದವನು ಟೋಪಿ ಕೂಡ ತೆಗೆಯದೆ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಬೆಕ್ಕನ್ನು ಕೆಳಗಿಳಿಸಿ ಅಪ್ಪನ ಅಚ್ಚನ್ನು ಒಮ್ಮೆ ನೆಕ್ಕಿದ. ಆಮೇಲೆ ಗುಳಿಗೆಯನ್ನು ನೆಕ್ಕಿದ. ಕಣ್ಣು ಮುಚ್ಚಿಕೊಂಡು ಎರಡೂ ರುಚಿಯನ್ನು ಹೋಲಿಸಿದ.

“ಇದು ನಮ್ದೇ ಕಣೋ,” ಎಂದ ನನಗೆ. “ನಮ್ಮಪ್ಪ ಬೇಯಿಸಿದ್ದನ್ನೇ ಇವ್ರು ಗುಂಡಗೆ ಮಾಡಿ ಡಬ್ಬಿಗೆ ಹಾಕವ್ರೆ.”

“ಹಂಗಾದ್ರೆ ಆ ಅಚ್ಚನ್ನೇ ದಿನಾ ಒಂದ್ಸಲ ನೆಕ್ಕಿ,” ಎಂದಳು ಬಾರ್ಬಾ. “ಅಂಗಡಿಗೆ ಹೋಗೋ ಕೆಲಸ ತಪ್ಪುತ್ತೆ. ಬೆಕ್ಕಿನ ಕೂದಲು ಸಕ್ಕರೆ ಅಂದ್ಕೊಳಿ.”

ನಾನೂ ಆಗ ಅಲ್ಲಿಂದ ಒಂದು ಗುಳಿಗೆ ಎತ್ತಿ ನೆಕ್ಕಿ ನೋಡಿದೆ. ನನ್ನ ನಾಲಿಗೆಯೂ ಅಚ್ಚಿನ ರುಚಿ ಕಂಡದ್ದೇ. ಗುಳಿಗೆಯಲ್ಲಿ ಸುಣ್ಣದಂಥ ಕಹಿ ಇತ್ತು, ಬೇರೇನೂ ಇರಲಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ. ಸಾವಿನ ಬಾಯಿಂದ ಬಂದವನು ಮೊದಲ ಸಲ ನಗುತ್ತಿದ್ದ. ಆ ನಗು ಕೆಡಿಸುವುದು ಏಕೆ ಎಂದುಕೊಂಡೆ.

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರ ಗಾದೆ. ಭಾವ ಅದನ್ನು ಬುಡಮೇಲು ಮಾಡಿಕೊಂಡ. ಹಿತ್ತಲ ಗಿಡ ವಿಷವಾಗಲಾರದು ಎಂದು ನಂಬಿದ. ನಾಲ್ಕು ತಲೆಮಾರು ಅಯೋಡಿನ್ನಿನ ಹೊಗೆ ಕುಡಿದ ಮೈ ಇದು, ಇದಕ್ಕೆ ಅದು ತಾಯಿಹಾಲು ಎನ್ನುತ್ತಿದ್ದ.

ಸತ್ಯ ಸತ್ಯವೇ. ಗುಳಿಗೆ ತನ್ನ ಕೆಲಸ ಮಾಡಿತು. ಹನ್ನೆರಡು ವರ್ಷ ಅವನ ಎದೆ ಒಮ್ಮೆಯೂ ಹುಚ್ಚೇಳಲಿಲ್ಲ. ಅವನು ದೋಣಿಗೆ ಹೋದ, ಕೊಕ್ಕೆ ತಿರುಗಿಸಿದ, ಭಾನುವಾರ ಬಾರ್ಬಾ ಮಾಂಸದ ಸಾರಿನಲ್ಲಿ ಬಟ್ಟೆಚೀಲ ಕಟ್ಟಿ ಬೇಯಿಸಿದ ಕರಿಗೋಧಿ ಕಡುಬನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದ. ಆ ಗುಳಿಗೆ ಇಲ್ಲದಿದ್ದರೆ ಎಪ್ಪತ್ತೆಂಟರಲ್ಲೇ ಅವನನ್ನು ಮಣ್ಣು ಮಾಡಬೇಕಿತ್ತು. ಇದನ್ನು ಮರೆತು ಗುಳಿಗೆಯನ್ನು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಆದರೆ ಡಾಕ್ಟರು ಹೇಳಿದ ಕ್ರಮ ಬೇರೆಯಿತ್ತು. ವಾರಕ್ಕೆ ಐದು ದಿನ ಒಂದೊಂದು, ಶನಿವಾರ ಭಾನುವಾರ ಬಿಡಬೇಕು. ಅದು ಮೈಯ ಕೊಬ್ಬಿನಲ್ಲಿ ಶೇಖರವಾಗುವ ಮದ್ದು, ಇಂದು ನುಂಗಿದ್ದು ತಿಂಗಳುಗಟ್ಟಲೆ ಒಳಗೇ ಇರುತ್ತದೆ, ಅದಕ್ಕೇ ಬಿಡುವು ಎಂದು ವಿವರಿಸಿದ್ದರು. ಭಾವನಿಗೆ ಇದು ಹಿಡಿಸಲಿಲ್ಲ. ಪಾಚಿ ಭಾನುವಾರವೆಂದು ಬೆಳೆಯುವುದು ಬಿಡುತ್ತದೆಯೇ ಎಂದು ಕೇಳಿದ. ಏಳು ದಿನವೂ ನುಂಗಿದ. ತಿಂಗಳಿಗೆ ಮೊದಲೇ ಡಬ್ಬಿ ಖಾಲಿಯಾದರೆ ಒದ್ದೆ ಗೋಣಿಯಲ್ಲಿ ನಾಲ್ಕು ಏಡಿ ಹಾಕಿಕೊಂಡು ಅಂಗಡಿಯವನ ಹಿಂಬಾಗಿಲಿಗೆ ಹೋಗುತ್ತಿದ್ದ. ಬರುವಾಗ ಗೋಣಿ ಖಾಲಿ, ಜೇಬು ತುಂಬಿರುತ್ತಿತ್ತು.

ಮೊದಲು ಬಿಸಿಲು ಅವನಿಗೆ ಹಗೆಯಾಯಿತು. ಅರ್ಧ ಗಂಟೆ ಬಿಸಿಲಿಗೆ ನಿಂತರೆ ಮುಖ ಬೆಂದ ಹಾಗಾಗುತ್ತಿತ್ತು. ಅಗಲ ಅಂಚಿನ ಟೋಪಿ, ಕೈಗೆ ಉಣ್ಣೆ ಗವಸು ಬಂತು. ಸಂಜೆ ದೀಪಸ್ತಂಭದ ಬೆಳಕಿನ ಸುತ್ತ ನೀಲಿ ಬಳೆ ಕಾಣುತ್ತದೆ ಎನ್ನುತ್ತಿದ್ದ. ಐದಾರು ವರ್ಷಕ್ಕೆ ಮೂಗು, ಕೆನ್ನೆ, ಹಣೆ ಚಪ್ಪಡಿಕಲ್ಲಿನ ನೀಲಿಬೂದು ಬಣ್ಣಕ್ಕೆ ತಿರುಗಿದವು. ಬಂದರಿನಲ್ಲಿ ಅವನಿಗೆ ನೀಲಿ ಗುಲ್ವೆನ್ ಎಂದು ಹೆಸರಿಟ್ಟರು. ಅವನಿಗೆ ಬೇಸರವಾಗಲಿಲ್ಲ. ಪಾಚಿ ಮೈಗೆ ಹತ್ತಿದೆ ಎಂದ. “ಮದುವೆ ಆಗುವಾಗ ಕೆಂಪಗಿದ್ರಿ,” ಎಂದು ಬಾರ್ಬಾ ಛೇಡಿಸುತ್ತಿದ್ದಳು, “ಈಗ ಹಾವುಮೀನಿನ ಪಕ್ಕ ಮಲಗಿದ ಹಂಗಾಗುತ್ತೆ.”

ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಆಗಬೇಕೆಂದು ಡಾಕ್ಟರ ಕಟ್ಟಪ್ಪಣೆ. ಅಯೋಡಿನ್ ಜಾಸ್ತಿಯಾದರೆ ಮೊದಲು ಕೆಡುವುದು ಗಂಟಲಿನ ಥೈರಾಯ್ಡ್ ಗ್ರಂಥಿ, ಅದಕ್ಕೆ ರಕ್ತ ನೋಡಬೇಕು. ಪುಪ್ಪುಸವೂ ಕೆಡಬಹುದು, ಅದಕ್ಕೆ ಎಕ್ಸ್‌ರೇ. ರಕ್ತಪರೀಕ್ಷೆಗೆ ಅವನು ತಪ್ಪದೆ ಹೋದ. ಪ್ರತಿ ಸಲವೂ ಗ್ರಂಥಿ ನೆಟ್ಟಗಿದೆ ಎಂದೇ ಬಂತು. ಆ ಕಾಗದವನ್ನು ಹೆಂಡದಂಗಡಿಯಲ್ಲಿ ಎಲ್ಲರಿಗೂ ತೋರಿಸಿದ. ಪಟ್ಟಣದವರ ಗಂಟಲು ಊದುತ್ತದೆ, ತಲಾರ್ಮೆನ್‌ಗಳ ಗಂಟಲು ಊದುವುದಿಲ್ಲ ಎಂದ. ಕಳ್ಳ ಮುಂಬಾಗಿಲಿಗೆ ಬರುತ್ತಾನೆಂದು ಅಲ್ಲೇ ಕಾವಲು ಕೂತವನ ಕಥೆ ಅವನದು.

ಲಾನ್ ಅಪ್ರಿಯುವಿನ ಸಾವು ಅವನ ನಂಬಿಕೆಯನ್ನು ಇನ್ನೂ ಗಟ್ಟಿ ಮಾಡಿತು. ಎಂಬತ್ತೈದರಲ್ಲಿ ಲಾನ್‌ಗೂ ಸಣ್ಣದಾಗಿ ಎದೆ ಹಿಡಿದಿತ್ತು. ಮರುವರ್ಷ ಅವನ ನಾಡಿಯಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಬಡಿತ. ಅವನಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಆದರೆ ತಪ್ಪು ಬಡಿತ ಮುಂದೆ ದೊಡ್ಡ ಓಟಕ್ಕೆ ದಾರಿ ಮಾಡಬಹುದು, ಈಗಲೇ ಅಳಿಸಿಬಿಡೋಣ ಎಂದು ಡಾಕ್ಟರು ಬೇರೊಂದು ಹೊಸ ಗುಳಿಗೆ ಕೊಟ್ಟರು. ಭಾವನ ಜಾತಿಯದ್ದಲ್ಲ, ಅದರಲ್ಲಿ ಅಯೋಡಿನ್ ಇರಲಿಲ್ಲ. ಎರಡು ವಾರದಲ್ಲಿ ಲಾನ್‌ನ ನಾಡಿ ಗಾಣದೆತ್ತಿನ ನಡಿಗೆಯ ಹಾಗೆ ಒಂದೇ ಸಮನಾಯಿತು. ಎಲ್ಲರಿಗೂ ಸಂತೋಷ. ಏಳನೆಯ ವಾರ ಲಾನ್ ಬಂದರಿನ ಕಟ್ಟೆಯ ಮೇಲೆ ಕೂತು ಹಗ್ಗ ಹೆಣೆಯುತ್ತಿದ್ದ. ಭಾವ ದೋಣಿಯಿಂದ ಏನೋ ಕೇಳಿದ. ಉತ್ತರ ಬರಲಿಲ್ಲ. ಲಾನ್ ಮಾತು ಕಡಿಮೆಯವನೆಂದು ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಹಗ್ಗ ಕೈಯಲ್ಲೇ ಇತ್ತು, ಲಾನ್ ಒರಗಿದ್ದ, ತಣ್ಣಗಾಗುತ್ತಿದ್ದ.

ಆಗ ಯಾರೂ ಗುಳಿಗೆಯನ್ನು ಅನುಮಾನಿಸಲಿಲ್ಲ. ಎದೆರೋಗಿ, ಎದೆ ನಿಂತಿತು, ಅಷ್ಟೇ. ಮೂರು ವರ್ಷ ಕಳೆದ ಮೇಲೆ, ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಡಾಕ್ಟರ್ ಲೆ ಹಿರ್ ತಾವೇ ನಡೆದುಕೊಂಡು ಮೊದಲು ಲಾನ್‌ನ ವಿಧವೆಯ ಮನೆಗೆ, ಅಲ್ಲಿಂದ ನಮ್ಮ ಅಕ್ಕನ ಮನೆಗೆ ಬಂದರು. ಮುಖ ನೋಡಲಾಗುತ್ತಿರಲಿಲ್ಲ. ಬಾರ್ಬಾ ಕಾಫಿ ಇಟ್ಟಳು, ಅವರು ಮುಟ್ಟಲಿಲ್ಲ.

“ಕಡಲಾಚೆ ಎದೆ ಹಿಡಿದು ಉಳಿದವ್ರನ್ನ ಎರಡು ಪಾಲು ಮಾಡಿ ನೋಡವ್ರೆ,” ಎಂದರು. “ಒಂದು ಪಾಲಿಗೆ ಲಾನ್‌ಗೆ ಕೊಟ್ಟಂಥ ಗುಳಿಗೆ. ಇನ್ನೊಂದು ಪಾಲಿಗೆ ಏನೂ ಇಲ್ಲದ ಬರೀ ಹಿಟ್ಟಿನ ಗುಳಿಗೆ. ಮದ್ದು ತಗೊಂಡವ್ರ ತಪ್ಪು ಬಡಿತ ನಿಂತ್ವು, ಅದು ನಿಜ. ಆದ್ರೆ ಹಿಟ್ಟು ತಿಂದವ್ರಿಗಿಂತ ಮದ್ದು ತಿಂದವ್ರೇ ಹೆಚ್ಚು ಸತ್ರು. ಮಧ್ಯದಲ್ಲೇ ನಿಲ್ಲಿಸಬೇಕಾಯ್ತು.”

ಭಾವ ಕಾಫಿಯ ಬಟ್ಟಲನ್ನು ಅವರ ಕಡೆ ಸರಿಸಿದ. “ಅಂದ್ರೆ ಸುಮ್ನೆ ಬಿಟ್ಟಿದ್ರೆ ಲಾನ್ ಇರ್ತಿದ್ನಾ ಡಾಕ್ಟ್ರೇ?”

“ಅವನೊಬ್ಬನ ವಿಷಯ ಯಾರೂ ಹೇಳೋಕಾಗಲ್ಲ. ಇರ್ತಿದ್ದ ಅನ್ನೋ ಯೋಚನೇಲೇ ನಾನು ಇಲ್ಲಿಗೆ ಬಂದಿದೀನಿ.”

“ನನ್ದು?”

“ನಿಮ್ದು ಬೇರೆ ಜಾತಿ. ನಿಮ್ಮ ಎದೇಲಿ ಎದ್ದಿದ್ದೂ ಬೇರೆ, ಅದು ಕೊಲ್ಲೋ ಓಟ. ನಿಮಗೆ ಇದು ಬೇಕು. ಆದ್ರೆ ಇದಕ್ಕೂ ಹಲ್ಲಿದೆ ಯಜಮಾನ್ರೇ. ಎಕ್ಸ್‌ರೇ ತಪ್ಪಿಸಬೇಡಿ.”

ಭಾವ ಮೊದಲ ಅರ್ಧ ಕೇಳಿಸಿಕೊಂಡ. ಅಯೋಡಿನ್ ಇಲ್ಲದ ಗುಳಿಗೆ ಲಾನ್‌ನನ್ನು ತಿಂದಿತು, ಅಯೋಡಿನ್ ಇರುವ ಗುಳಿಗೆ ತನ್ನನ್ನು ಕಾಯುತ್ತಿದೆ ಎಂದು ಲೆಕ್ಕ ಹಾಕಿಕೊಂಡ. ಇನ್ನು ಆ ಗುಳಿಗೆಯನ್ನು ಅವನ ಕೈಯಿಂದ ಕಸಿಯುವುದು ನಾಯಿಯ ಬಾಯಿಂದ ಎಲುಬು ಕಸಿದ ಹಾಗೆಯೇ ಆಗಿತ್ತು. ಲಾನ್ ಹೋದಾಗಿನಿಂದಲೇ ಅವನ ಭಯ ಒಂದೇ. ಎಕ್ಸ್‌ರೇ ತೆಗೆಸಿದರೆ ಏನಾದರೂ ಹುಳುಕು ತೋರಬಹುದು, ತೋರಿದರೆ ಗುಳಿಗೆ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಮತ್ತೆ ಆ ಓಟ, ಮತ್ತೆ ದೋಣಿಯಲ್ಲಿ ಕುಸಿದು ಬೀಳುವುದು. ಆಗ ತಿರುಗಿಸಿ ತರಲು ಲಾನ್ ಇಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಿದ್ದು ತೀರ ಕೊನೆಗೆ. ಅಲ್ಲಿಯ ತನಕ ಡಾಕ್ಟರು ಕೇಳಿದಾಗಲೆಲ್ಲ ತೆಗೆಸಿದ್ದೇನೆ, ಚೆನ್ನಾಗಿದೆ ಅಂದರು, ಫಿಲ್ಮು ಮನೆಯಲ್ಲಿದೆ ಎಂದು ಸಾಗಹಾಕಿದ.

ತೊಂಬತ್ತರ ಚಳಿಗಾಲಕ್ಕೆ ಒಣಕೆಮ್ಮು ಹಿಡಿಯಿತು. ನಮ್ಮಲ್ಲಿ ಕೆಮ್ಮಿಗೆ ಯಾರೂ ಹೆದರುವುದಿಲ್ಲ. ಚಿಕ್ಕಂದಿನಲ್ಲಿ ಗೂಡಿನ ಪಕ್ಕ ಬೆಳೆದವರೆಲ್ಲ ಕೆಮ್ಮುವವರೇ, ನಾನೂ ಕೆಮ್ಮುತ್ತೇನೆ, ಅವನ ಅಪ್ಪ ಕೆಮ್ಮುತ್ತಲೇ ಎಂಬತ್ತೊಂದು ದಾಟಿದ. ಇದು ಗೂಡಿನ ಹೊಗೆ ಎಂದು ಭಾವ ಹೇಳಿದ, ಬಾರ್ಬಾ ಒಪ್ಪಿದಳು, ನಾನು ಒಪ್ಪಿದೆ. ಡಾಕ್ಟರೂ ಒಪ್ಪಿದರು. ಲಾನ್‌ನ ಸಾವಿನ ಮೇಲೆ ಅವರಿಗೆ ಗುಳಿಗೆ ಬದಲಿಸಲು ಧೈರ್ಯ ಬರುತ್ತಿರಲಿಲ್ಲ. ಕೆಮ್ಮಿಗೆ ಒಂದು ಹಳೆಯ ಕಾರಣ ಸಿಕ್ಕಿತು, ಹಿಡಿದುಕೊಂಡರು. ಹೀಗೆ ನಾಲ್ಕು ಜನ ಸೇರಿ ತಿಂಗಳುಗಟ್ಟಲೆ ಕಾಲ ಕಳೆದೆವು.

ಮರುವರ್ಷ ಆಗಸ್ಟ್‌ನಲ್ಲಿ ಭಾವ ಬಂದರಿನ ಹನ್ನೊಂದು ಮೆಟ್ಟಿಲು ಹತ್ತಲಾರದೆ ಆರನೆಯದರ ಮೇಲೆ ಕೂತುಬಿಟ್ಟ. ಕೆಮ್ಮಲಿಲ್ಲ, ಬೈಯಲಿಲ್ಲ, ಮೀನು ದಡಕ್ಕೆ ಬಿದ್ದ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದ. ನಾನು ಡಾಕ್ಟರನ್ನು ಕರೆತಂದೆ. ಅವರು ಬೆನ್ನಿಗೆ ಸ್ಟೆತಾಸ್ಕೋಪಿನ ಕೊಳವೆಯಿಟ್ಟು ಕಣ್ಣು ಮುಚ್ಚಿ ಕೇಳಿದರು. ಇನ್ನೊಂದು ಕಡೆ ಇಟ್ಟರು. ಆಮೇಲೆ ಕೊಳವೆಯನ್ನು ಕತ್ತಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಒಣಗಿದ ಪಾಚಿ ಮೇಲೆ ನಡೆದ ಹಂಗೆ ಸದ್ದು ಬರ್ತಿದೆ,” ಎಂದರು. “ಇದು ಹೊಗೆ ಅಲ್ಲ. ಆ ಎಕ್ಸ್‌ರೇಗಳನ್ನ ಕೊಡಿ ನೋಡೋಣ.”

ಭಾವ ಕಿಟಕಿಯ ಕಡೆ ನೋಡಿದ. ಬಾರ್ಬಾ ಅವನ ಮುಖ ನೋಡಿದಳು. ನಲವತ್ತು ವರ್ಷ ಜೊತೆಗಿದ್ದವಳು, ಅವಳಿಗೆ ಕೇಳುವುದು ಬೇಕಾಗಲಿಲ್ಲ. ನೆಟ್ಟಗೆ ಹೋಗಿ ಗಾಳದ ಮುಳ್ಳುಗಳ ಡಬ್ಬಿಯನ್ನು ತಂದು ಮೇಜಿನ ಮೇಲೆ ಸುರಿದಳು. ಮುಳ್ಳುಗಳ ನಡುವೆ ಮಡಿಸಿದ ಚೀಟಿಗಳು. ಎಕ್ಸ್‌ರೇಗೆಂದು ಡಾಕ್ಟರು ಬರೆದುಕೊಟ್ಟ ಆರು ಚೀಟಿ, ಆರು ವರ್ಷದವು. ಒಂದೂ ಆಸ್ಪತ್ರೆಯ ಬಾಗಿಲು ಕಂಡಿರಲಿಲ್ಲ.

ಆಗ ಎಲ್ಲ ಹೊರಬಂತು. ಚೀಟಿಯ ವಿಷಯ, ಶನಿವಾರ ಭಾನುವಾರದ ಗುಳಿಗೆಯ ವಿಷಯ, ಏಡಿಯ ವಿಷಯ. ಡಾಕ್ಟರು ಬೈಯಲಿಲ್ಲ. ತಾನು ಒಂದು ಫಿಲ್ಮನ್ನಾದರೂ ಕಣ್ಣಾರೆ ನೋಡಬೇಕಿತ್ತು ಎಂದಷ್ಟೇ ಅಂದರು. ಬಾರ್ಬಾ ಬೈದಳು. ಅರ್ಧ ಬೈದು ಮುಳ್ಳುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕತೊಡಗಿದಳು. ಬೆರಳಿಗೆ ಚುಚ್ಚಿ ರಕ್ತ ಬಂದರೂ ನಿಲ್ಲಿಸಲಿಲ್ಲ.

ಆ ವಾರ ಎಕ್ಸ್‌ರೇ ಆಯಿತು. ಎರಡೂ ಪುಪ್ಪುಸದ ತುಂಬ ಬಲೆ ಹರಡಿದ ಹಾಗೆ ಬಿಳಿ ಗಾಯದ ಗೆರೆಗಳು. ಗುಳಿಗೆ ಅಂದೇ ನಿಂತಿತು. ನಿಂತರೂ ಒಳಗಿದ್ದದ್ದು ಹೊರಗೆ ಹೋಗಲು ಅರ್ಧ ವರ್ಷವೋ ಹೆಚ್ಚೋ ಬೇಕು. ಅಷ್ಟು ದಿನ ಅದು ಎದೆಯನ್ನು ಕಾಯುತ್ತಲೂ ಇರುತ್ತದೆ, ಪುಪ್ಪುಸವನ್ನು ತಿನ್ನುತ್ತಲೂ ಇರುತ್ತದೆ. ಕಾಯುವುದು ಕಡಿಮೆಯಾದ ದಿನ ಆ ಹಳೆಯ ಓಟ ಮತ್ತೆ ಏಳಬಹುದು. ಡಾಕ್ಟರು ಮೂರು ದಾರಿ ಹೇಳಿದರು. ಪುಪ್ಪುಸದ ಉರಿ ಇಳಿಸಲು ಬೇರೆ ಮಾತ್ರೆ, ಅದು ಹಿಡಿದರೆ ಹಿಡಿಯಿತು. ಮನೆಯಲ್ಲೇ ಇಡುವ ಆಮ್ಲಜನಕದ ಸಿಲಿಂಡರು. ಇನ್ನು ಎದೆಗೆ, ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಪಕ್ಕೆ ತೆರೆದು ಒಂದು ಡಬ್ಬಿ ಕೂರಿಸುತ್ತಾರೆ, ಓಟ ಎದ್ದಾಗಲೆಲ್ಲ ಅದು ಒಳಗಿನಿಂದಲೇ ವಿದ್ಯುತ್ತಿನ ಪೆಟ್ಟು ಕೊಟ್ಟು ನಿಲ್ಲಿಸುತ್ತದೆ. ಈ ಪುಪ್ಪುಸ ಇಟ್ಟುಕೊಂಡು ಪಕ್ಕೆ ತೆರೆಸುವುದು ಸುಲಭವಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಭಾವ ಮಾತ್ರೆ ನುಂಗಿದ. ಎರಡು ವಾರಕ್ಕೆ ಮುಖ ಊದಿತು, ಉಸಿರು ಹಿಂತಿರುಗಲಿಲ್ಲ. ಸೆಪ್ಟೆಂಬರ್‌ನ ಒಂದು ಗುರುವಾರ ಬೆಳಗ್ಗೆ ಹತ್ತಕ್ಕೆ ಆಸ್ಪತ್ರೆಯ ಗಾಡಿ ಬರುವುದೆಂದು ಗೊತ್ತಾಯಿತು. ಬಾರ್ಬಾ ಅವನ ಅಂಗಿಗಳನ್ನು ಇಸ್ತ್ರಿ ಮಾಡಿ ಚೀಲಕ್ಕೆ ತುಂಬಿದಳು. ಅವನು ಬೇಡ ಎನ್ನಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ.

ಆ ದಿನ ನಾನು ಎಂಟಕ್ಕೇ ಹೋದೆ. ಭಾವ ಒಲೆಯ ಪಕ್ಕ ಅಪ್ಪನ ಅಚ್ಚಿನ ಮೇಲೆ ಕೂತಿದ್ದ. ಉಳಿದ ಗುಳಿಗೆಗಳ ಡಬ್ಬಿ ಅವನ ತೊಡೆಯ ಮೇಲಿತ್ತು. ಒಂದನ್ನು ನೆಕ್ಕಿ ನನ್ನ ಕಡೆ ಚಾಚಿದ.

“ನೋಡು. ಬರೀ ಸುಣ್ಣ.”

“ಗೊತ್ತು ಭಾವ,” ಎಂದೆ. “ಅವತ್ತೇ ನೋಡಿದ್ದೆ.”

ಅವನು ನನ್ನ ಕಡೆ ತಿರುಗಿದ. ಚಪ್ಪಡಿಬಣ್ಣದ ಆ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. “ಹೇಳಿದ್ರೆ ನಾನೆಲ್ಲಿ ಕೇಳ್ತಿದ್ದೆ,” ಎಂದ. ಎರಡು ಉಸಿರು ಎಳೆದುಕೊಂಡು ಮತ್ತೆ ಹೇಳಿದ. “ಆದ್ರೂ ಹೇಳಬೇಕಾಗಿತ್ತು ಕಣೋ.”

ನಾನು ಅವನ ತೊಡೆಯ ಮೇಲಿನ ಡಬ್ಬಿಯನ್ನು ತೆಗೆದು ಮುಚ್ಚಳ ಹಾಕಿದೆ.

ಹತ್ತಕ್ಕೆ ಸರಿಯಾಗಿ ಗಾಡಿ ಅಂಗಳಕ್ಕೆ ಬಂತು. ಇಬ್ಬರು ಕೂರಿಸಿ ಹೊರುವ ಕುರ್ಚಿ ತಂದರು. ಹಿಂದೆಯೇ ಡಾಕ್ಟರ್ ಲೆ ಹಿರ್ ಸೈಕಲ್ಲಿನಲ್ಲಿ ಬಂದಿಳಿದರು. ಭಾವ ಅಚ್ಚಿನಿಂದ ಎದ್ದು, ಗೋಡೆ ಹಿಡಿದು ಬಾಗಿಲ ತನಕ ಬಂದ. ಅಷ್ಟಕ್ಕೇ ತುಟಿ ಅವನ ಕೆನ್ನೆಯ ಬಣ್ಣಕ್ಕೆ ತಿರುಗಿತು. ನಾನು ಮೊಣಕೈ ಹಿಡಿದೆ. ಡಾಕ್ಟರು ಇನ್ನೊಂದು ಕಡೆ ಹಿಡಿದು, ಇನ್ನೂ ಸಮಯವಿದೆ, ಡಬ್ಬಿ ಕೂರಿಸಿದರೆ ಓಟದ ಭಯವಾದರೂ ಇರುವುದಿಲ್ಲ ಎಂದರು. ಭಾವ ಅವರನ್ನೇ ನೋಡಿ, ಪುಪ್ಪುಸ ವಾಪಸು ಬರುತ್ತದೆಯೇ ಎಂದು ಕೇಳಿದ. ಡಾಕ್ಟರು ಸುಳ್ಳು ಹೇಳಬಹುದಿತ್ತು. ಇಲ್ಲ ಎಂದರು. ಬಾರ್ಬಾ ಚೀಲ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಅವಳ ಕೈಯಿಂದ ಚೀಲ ತೆಗೆದುಕೊಂಡು ಭಾವ ಮೆಲ್ಲನೆ ನೆಲಕ್ಕಿಟ್ಟ. ಮಾತಿನ ನಡುನಡುವೆ ಉಸಿರಿಗೆ ನಿಲ್ಲುತ್ತ, ಯಾರ ಮೇಲೂ ಸಿಟ್ಟು ಮಾಡದೆ ಹೇಳಿದ:

“ಗಾಡಿಯೋರಿಗೆ ಕಾಫಿ ಕೊಟ್ಟು ಕಳಿಸು ಬಾರ್ಬಾ, ದೂರದಿಂದ ಬಂದವ್ರೆ. ಡಾಕ್ಟ್ರೇ, ನೀವು ಕೊಟ್ಟ ಹನ್ನೆರಡು ವರ್ಷ ನಾನು ಚೆನ್ನಾಗೇ ಉಂಡೆ, ಅದರಲ್ಲಿ ನಿಮ್ಮ ತಪ್ಪಿಲ್ಲ. ಆದ್ರೆ ಹೊತ್ತಿದ ಗೂಡಿಗೆ ನಮ್ಮನೇಲಿ ಯಾರೂ ನೀರು ಹುಯ್ದಿಲ್ಲ. ನನ್ನ ಈ ಎದೆಗೂಡೂ ತಾನಾಗೇ ಆರ್ಲಿ ಬಿಡಿ. ಕೈ ಬಿಡೋ ನೀನೂ. ಒಳಕ್ಕೆ ನಾನೇ ನಡೀತೀನಿ.”